ಎಂಜಿನ್ ಮಾತ್ರ ಹಳೆಯದು

"ಈಗ ಹೇಳಮ್ಮ, ಇದು ಅಪ್ಪನ ಬೈಕು ಅಂತ ಗೊತ್ತಾಗುತ್ತಾ?" ಗ್ರೀಸು ಮೆತ್ತಿದ ಕೈ ಒರೆಸಿಕೊಳ್ಳುತ್ತ ಮಗ ಕೇಳಿದ. ಅಮ್ಮ ಅಡುಗೆಮನೆಯ ಕಿಟಕಿಯಿಂದ ಇಣುಕಿದಳು. ತಗ್ಗಿಸಿದ ಹ್ಯಾಂಡಲ್, ಒಬ್ಬರೇ ಕೂರುವ ಗಿಡ್ಡ ಸೀಟು, ಕಡುಹಸಿರು ಟ್ಯಾಂಕು. ಮನೆಯಲ್ಲೇ ಕೊಯ್ದು ಬೆಸೆದ, ಹಳೇ ರೇಸ್ ಬೈಕಿನ ಧಾಟಿಯ ಕೆಫೆ ರೇಸರ್.

"ನಿಮ್ಮಪ್ಪನೇ ಎದ್ದು ಬಂದ್ರೂ ಗುರುತು ಹಿಡಿಯಲ್ಲ, ಬಿಡು," ಎಂದು ನಕ್ಕು, ರೇಡಿಯೊ ಜೋರು ಮಾಡಿ ಹಾಡಿಗೆ ದನಿಗೂಡಿಸಿದಳು. ಅಪ್ಪ ಸತ್ತ ಮೇಲೆ ಕಲಿತ ಚಾಳಿ ಅದು. ಅವನಿದ್ದಾಗ ಈ ಮನೆಯಲ್ಲಿ ಪಾತ್ರೆಯೂ ಉಸಿರೆತ್ತುತ್ತಿರಲಿಲ್ಲ.

ಮೂರನೆಯ ಕಿಕ್ಕಿಗೆ ಎಂಜಿನ್ ಗುಡುಗಿತು. ಅದೊಂದನ್ನು ಮಗ ಬದಲಿಸಿರಲಿಲ್ಲ. ಒಳಗೆ ರೇಡಿಯೊ ತಟ್ಟನೆ ನಿಂತಿತು. ಅವನು ಹೋಗಿ ನೋಡಿದರೆ, ಅಮ್ಮ ತಟ್ಟೆ ಹಿಡಿದು ಗೋಡೆಗೆ ಒತ್ತಿಕೊಂಡು ನಿಂತಿದ್ದಳು, ಕಣ್ಣು ನೆಲದಲ್ಲಿ.

"ಬಡಿಸ್ತಾ ಇದೀನಿ," ಎಂದಳು. "ಎರಡೇ ನಿಮಿಷ, ರೀ."