ಜಗಲಿಯ ಗೋಡೆ

ಇಗರ್ಜಿಯ ಎದುರಿನ ಹಳೇ ಬಂಗಲೆಯ ಜಗಲಿಯ ನಟ್ಟನಡುವೆ ಒಂದು ಗೋಡೆ. ಅಣ್ಣತಮ್ಮಂದಿರಿಬ್ಬರ ಜಗಳದಲ್ಲಿ ಎದ್ದದ್ದು. ಈಗ ಆಚೆ ಪಾಲಿನಲ್ಲಿ ಅಣ್ಣನ ಮೊಮ್ಮಗಳು ಸೆರಾಫಿನ್, ಈಚೆ ತಮ್ಮನ ಮೊಮ್ಮಗಳು ಅಪೊಲಿನ್ ಬಾಯಿ. ಮಾತಿಲ್ಲ, ಕತೆಯಿಲ್ಲ. ಗೋಡೆ ಕಟ್ಟಿಸಿದ ಪಾಪವನ್ನು ಮಾತ್ರ ಒಬ್ಬರು ಇನ್ನೊಬ್ಬರ ಅಜ್ಜನ ತಲೆಗೆ ಕಟ್ಟುತ್ತಲೇ ಬಂದಿದ್ದರು.

ಈ ಈಸ್ಟರ್‌ಗೆ ಪಾದ್ರಿಗಳು ರಾಜಿ ಮಾಡಿಸಿದ್ದೇ ತಡ, ಅಪೊಲಿನ್ ಬಾಯಿ ಹಾರೆ ಹಿಡಿದು ಬಂದರು, ಜೊತೆಗೆ ಸೆರಾಫಿನಳೂ.

“ಮುಟ್ಬೇಡಿ ಬಾಯಮ್ಮ!” ಗೇಟಿನಿಂದಲೇ ಕೂಗಿದ, ಪಾರಂಪರಿಕ ಕಟ್ಟಡಗಳ ಅಧಿಕಾರಿ. “ಈ ಬೀದಿಯ ಹಳೇ ಮನೆ, ಇಗರ್ಜಿ ಎಲ್ಲ ಈಗ ಸರ್ಕಾರದ ರಕ್ಷಣೆಯಲ್ಲಿ ಉಂಟು. ಗೋಡೆಯೂ ಸೇರಿ.”

“ಅದು ಬರೀ ಜಗಳದ ಗೋಡೆ ಮಾರಾಯ್ರೆ!”

“ಜಗಳವೂ ಹಳೇದೇ ಅಲ್ವಾ? ಒಡೀಲಿಕ್ಕೆ ಆಗುದಿಲ್ಲ.”

ಹೆಂಗಸರಿಬ್ಬರೂ ಬಿದ್ದುಬಿದ್ದು ನಕ್ಕರು. ಗೋಡೆ ಇದ್ದರೇನಂತೆ, ಮನಸ್ಸು ಒಂದಾಯಿತಲ್ಲ ಎಂದುಕೊಂಡು ಅಪೊಲಿನ್ ಬಾಯಿ ಹಾರೆ ಕೆಳಗಿಟ್ಟು ಸೆರಾಫಿನಳ ಹೆಗಲಿಗೆ ಕೈ ಹಾಕಿದರು.

ಅಧಿಕಾರಿ ಜೇಬಿನಿಂದ ಪೆನ್ನು ತೆಗೆದ. “ಗೋಡೆಗೆ ಹಿತ್ತಾಳೆಯ ಫಲಕ ಹಾಕ್ತೇವೆ, ನೋಡ್ಲಿಕ್ಕೆ ಬಂದವರೆಲ್ಲ ಓದ್ಬೇಕು. ಕಟ್ಟಿಸಿದವರ ಹೆಸರು ದೊಡ್ಡದಾಗಿ ಬರ್ತದೆ. ಕಟ್ಟಿಸಿದ್ದು ಯಾರ ಅಜ್ಜ?”

ಹೆಗಲ ಮೇಲಿನ ಕೈ ಜಾರಿತು.

“ನಮ್ಮಜ್ಜ!” ಇಬ್ಬರೂ ಒಟ್ಟಿಗೇ ಕೂಗಿದರು.