ಅಮ್ಮಂದಿರೆಲ್ಲ ಎದ್ದು ನಿಲ್ಲಿ

"ಹೂವೆಲ್ಲ ತಂದಾಗಿದೆ ಪಾಸ್ಟರೇ, ಈಗ ಬೇಡ ಅಂದ್ರೆ ಹೇಗೆ?" ಆರಾಧನೆ ಶುರುವಾಗುವ ಹೊತ್ತಿಗೆ ಸ್ತ್ರೀಯರ ಸಂಘದ ಅಧ್ಯಕ್ಷೆ ಗುಲಾಬಿ ಬುಟ್ಟಿ ಹಿಡಿದು ಚರ್ಚಿನ ಬಾಗಿಲಿಗೆ ಅಡ್ಡ ನಿಂತಿದ್ದರು.

ಪಾಸ್ಟರಿಗೆ ತಲೆ ಚಿಟ್ಟು ಹಿಡಿಯಿತು. ಹೋದ ಸಲ ಗಣರಾಜ್ಯ ದಿನ. ಧ್ವಜ ಶಿಲುಬೆಯ ಎಡಕ್ಕೋ ಬಲಕ್ಕೋ ಅಂತ ಹಿರಿಯರು ಕಿತ್ತಾಡಿದ್ದರು. ಈಗ ತಾಯಂದಿರ ದಿನ. ಹೀಗೇ ಆದರೆ ದೇವರಿಗೆ ಅಂತ ಒಂದು ಭಾನುವಾರವಾದರೂ ಉಳಿಯುತ್ತದೋ ಇಲ್ಲವೋ.

"ಹೂ ಬೇಡ ಅನ್ನಲ್ಲ. ಎಲ್ಲ ಮುಗಿದ ಮೇಲೆ ಹೊರಗೆ ಕೊಡಿ. ತಾಯಂದಿರನ್ನ ಎದ್ದು ನಿಲ್ಲಿಸೋದು ಮಾತ್ರ ಬೇಡ."

"ನಿಲ್ಲಿಸದೆ ಯಾರು ತಾಯಿ ಅಂತ ಗೊತ್ತಾಗೋದು ಹೇಗೆ?"

ಅದೇ ತಾನೇ ಪಾಸ್ಟರಿಗೆ ಬೇಡವಾಗಿದ್ದದ್ದು. ಅವರ ಹೆಂಡತಿ ಇಡೀ ಸಭೆಗೇ 'ಅಮ್ಮ'. ಎಲ್ಲರೂ ಕರೆಯುವುದೇ ಹಾಗೆ. ಮನೆಯಲ್ಲಿ ಹಾಗೆ ಕರೆಯಲು ಮಾತ್ರ ಒಂದು ಮಗುವಿರಲಿಲ್ಲ. ಪ್ರತಿ ವರ್ಷ ಹೂ ಹಂಚುವಾಗ ಅವಳು ಚಹಾ ನೋಡುವ ನೆಪ ಮಾಡಿ ಎದ್ದು ಹೋಗುತ್ತಿದ್ದಳು. "ಈ ಸಲ ಯಾರನ್ನೂ ನಿಲ್ಲಿಸಲ್ಲ, ನೀನು ಕೂತಿರು" ಎಂದು ಬೆಳಿಗ್ಗೆ ಮಾತು ಕೊಟ್ಟಿದ್ದರು. ಅದನ್ನು ನಂಬಿ ಅವಳು ಮುಂದಿನ ಸಾಲಿನಲ್ಲೇ ಕೂತಿದ್ದಳು.

ಬೈಬಲಿನ ಕೀರ್ತನೆ ಓದುವ ಸಮಯ ಬಂತು. ಒಂದು ವಚನ ಗಂಡಸರು, ಇನ್ನೊಂದು ಹೆಂಗಸರು ನಿಂತು ಓದುವುದು ಅಲ್ಲಿಯ ರೂಢಿ. ಗಂಡಸರದು ಮುಗಿಯಿತು. ಪಾಸ್ಟರ್ ಪುಸ್ತಕದಿಂದ ತಲೆ ಎತ್ತದೆ, ಹೆಂಗಸರಿಗೆ ವಾರ ವಾರವೂ ಹೇಳುವುದನ್ನೇ ಹೇಳಿದರು. "ಈಗ ಅಮ್ಮಂದಿರೆಲ್ಲ ಎದ್ದು ನಿಲ್ಲಿ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡರು. ಹೆಂಗಸರೆಲ್ಲ ಎದ್ದರು, ಹೆಂಡತಿಯೂ ಎದ್ದಳು. ಅಂತೂ ಪಾಸ್ಟರ ಮನಸ್ಸು ಕರಗಿತು ಅಂದುಕೊಂಡ ಅಧ್ಯಕ್ಷೆ ಬುಟ್ಟಿ ಎತ್ತಿಕೊಂಡು ಹೊರಟೇಬಿಟ್ಟರು. ಪಾಸ್ಟರ ಹೆಂಡತಿಯೂ ಎಲ್ಲರ ಹಾಗೆ ಕೈ ಚಾಚಿದಳು. ಅಧ್ಯಕ್ಷೆ ಪಿಸುಗುಟ್ಟುತ್ತಿದ್ದೇನೆ ಅಂದುಕೊಂಡು ಸಭೆಗೆಲ್ಲ ಕೇಳುವ ಹಾಗೆ, "ನೀವು ಕೂತ್ಕೊಳ್ಳಿ, ಇದು ಹೆತ್ತವರಿಗೆ ಮಾತ್ರ" ಅಂದರು.

ಅವಳು ಕೂತಳು.

"ನಾನು ಕರೆದದ್ದು ಕೀರ್ತನೆ ಓದೋಕೆ ಕಣ್ರೀ, ಹೂವಿಗಲ್ಲ" ಎಂದು ಪಾಸ್ಟರ್ ರೇಗಿದರು. ಕೇಳುವವರು ಯಾರು? ಬುಟ್ಟಿ ಆಗಲೇ ಹಿಂದಿನ ಸಾಲಿಗೆ ಹೋಗಿತ್ತು.

ಆರಾಧನೆ ಮುಗಿಯಿತು. ಪಾಸ್ಟರ್ ಹೆಂಡತಿಯ ಹಿಂದೆಯೇ ಚರ್ಚಿನ ಅಡುಗೆಮನೆಗೆ ಬಂದು ಮೂಲೆಯಲ್ಲಿ ನಿಂತಿದ್ದರು. ಅಷ್ಟರಲ್ಲಿ ಅಧ್ಯಕ್ಷೆ ಖಾಲಿ ಬುಟ್ಟಿ ಬೀಸುತ್ತ ಬಾಗಿಲಿಗೆ ಬಂದು ಎಂದಿನಂತೆ ಕೂಗಿದರು.

"ಅಮ್ಮಾ, ಚಹಾ ಆಯ್ತಾ?"

ಲೋಟ ಜೋಡಿಸುತ್ತಿದ್ದ ಅವಳು ತಿರುಗಿ ನೋಡಲಿಲ್ಲ.

"ಯಾರನ್ನ ಕರೀತಿದ್ದೀರಿ?" ಅಂದಳು.