ನಾಗಭೂಷಣ ಮೇಷ್ಟ್ರ ನೆನಪಿನ ಶಕ್ತಿ

ಅಡುಗೆಮನೆಯ ಬಾಗಿಲ ಪಕ್ಕದ ಮೊಳೆಯಲ್ಲಿ, ಕನ್ನಡಿ ಬಾಚಣಿಗೆಗಳ ಜೊತೆಯಲ್ಲೇ, ಬದಲಿ ಪಟ್ಟಿ ನೇತಾಡುತ್ತಿತ್ತು. ಅದರ ಎರಡು ತುದಿಗಳನ್ನು ಇಬ್ಬರು ಹಣೆಗೆ ಒತ್ತಿಕೊಂಡರೆ ಸಾಕು, ಬೇಕಾದ ಬುದ್ಧಿ ಅದಲುಬದಲು. ಎದುರುಮನೆಯ ಅತ್ತೆ, ತನ್ನ ಸೊಸೆಯ ಲೆಕ್ಕದ ಬುದ್ಧಿ ಹಾಕಿಕೊಂಡೇ ಸಂತೆಗೆ ಹೋಗುವುದು. ಚರಿತ್ರೆಯ ಮೇಷ್ಟ್ರು ನಾಗಭೂಷಣ ಹನ್ನೊಂದು ವರ್ಷದಿಂದ ಹೆಂಡತಿ ಕಮಲಾಕ್ಷಿಯ ಜ್ಞಾಪಕಶಕ್ತಿ ತೆಗೆದುಕೊಂಡು ಶಾಲೆಗೆ ಹೋಗಿ, ಸಂಜೆ ಹಿಂದಿರುಗಿಸುತ್ತಿದ್ದರು. ಅಲ್ಲಿಯವರೆಗೆ ಅವರ ಮರೆವು ಅವಳ ತಲೆಯಲ್ಲಿರುತ್ತಿತ್ತು.

ಇವತ್ತು ಮೇಷ್ಟ್ರಿಗೆ ಸನ್ಮಾನ. ಯಾವ ಇಸವಿಯನ್ನು ಕೇಳಿದರೂ ಪುಸ್ತಕ ನೋಡದೆ ಹೇಳುವ ಅಪಾರ ನೆನಪಿನ ಶಕ್ತಿಗಾಗಿ.

"ನಿನ್ನೆ ಮಧ್ಯಾಹ್ನಾನೂ ಹಾಲು ಉಕ್ಕಿಸಿದ್ದೀಯ," ಎಂದರು ಅವರು, ಪಟ್ಟಿಗೆ ಕೈ ಹಾಕುತ್ತಾ. "ಎಂಥಾ ಮರೆಗುಳಿ ನೀನು!"

ಕಮಲಾಕ್ಷಿ ಪಟ್ಟಿಯನ್ನು ಕಿತ್ತುಕೊಂಡಳು.

"ಆ ಮರೆವು ಯಾರ್ದು ರೀ? ಹಾಲಿಟ್ಟು ಮರೆತೆ, ಬೈದ್ರಿ. ನಮ್ಮಮ್ಮನ ತಿಥಿ ಮರೆತೆ, ನನ್ನ ತಮ್ಮಂದಿರ ಮುಂದೇನೇ ಬೈದ್ರಿ. ನಿಮ್ಮ ಮರೆವಿಗೆ ನಾನು ಬೈಸ್ಕೋಬೇಕು, ನನ್ನ ನೆನಪಿಗೆ ನೀವು ಶಾಲು ಹೊದೆಸ್ಕೋಬೇಕು!"

"ಆಯ್ತು, ಇನ್ಮೇಲೆ ಬೈಯಲ್ಲ. ಕೊಡು ಇಲ್ಲಿ. ಭಾಷಣ ಮಾಡ್ಬೇಕು ಕಣೇ. ಈ ತಲೆ ಹೊತ್ಕೊಂಡು ಹೇಗೆ ಹೋಗ್ಲಿ?"

ಹಿಂದೆ ಒಲೆಯ ಮೇಲೆ ಹಾಲು ಉಕ್ಕಿ ಬರುತ್ತಿತ್ತು. ತಿರುಗಿಯೂ ನೋಡದೆ ಅವಳು ಕೈ ಚಾಚಿ ಸ್ಟವ್ ಆರಿಸಿದಳು.

"ಅದೇ ತಲೇಲಿ ಹನ್ನೊಂದು ವರ್ಷ ನಾನು ಈ ಮನೆ ನಡೆಸಿದ್ದೀನಿ. ನೀವು ಒಂದು ಭಾಷಣ ಮಾಡಿ ಬನ್ನಿ."